ಅಪ್ಪನಿಗೆ ಕೊಟ್ಟ ಮಾತು, ಅತ್ತೆಗೆ ಮಾಡಿದ ಮೀನು

ನಮ್ಮ ಮನೆಯಲ್ಲಿ ಅಡುಗೆಮನೆ ಒಂದೇ. ಅದರಲ್ಲಿ ಮೀನು ಬಿಟ್ಟು ಉಳಿದದ್ದೆಲ್ಲ ಬೇಯಿಸುವ ಹೆಂಗಸು ಒಬ್ಬಳೇ, ಅದು ನಾನು. ಉಳಿದ ನಾಲ್ವರು ಅದರ ಬಾಗಿಲಿಗೆ ಬಂದು, ಒಳಗೆ ಇಣುಕಿ, ಏನಾದರೊಂದು ಹೇಳಿ ಹೋಗುವವರು. ಅತ್ತೆಗೆ ಕುಚ್ಚಲಕ್ಕಿ ಗಂಜಿ ಬೇಕು. ಅಪ್ಪನಿಗೆ, ಕಳೆದ ಮಳೆಗಾಲದವರೆಗೆ, ಬೆಳ್ತಿಗೆ ಅನ್ನ, ತಿಳಿಸಾರು. ಗಂಡನ ಡಬ್ಬಿಗೆ ಚಪಾತಿ. ಮಗಳಿಗೆ ಮನೆಯಲ್ಲಿ ಮಾಡಿದ್ದು ಯಾವುದೂ ಬೇಡ, ಆದರೆ ಏನು ಮಾಡಿದ್ದೇನೆ ಎಂಬುದು ಮಾತ್ರ ಗೊತ್ತಾಗಬೇಕು. ಬೆಳಿಗ್ಗೆ ಇದೆಲ್ಲ ಮುಗಿಸಿ ನಾನು ಮಹಾಪೆಯ ಆಫೀಸಿಗೆ ಹೋಗುವ ಬಸ್ಸು ಹಿಡಿಯುತ್ತೇನೆ. ಶೀಳಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತರೆ ಎಲ್ಲರೂ ಗೊಣಗುತ್ತಾರೆ. ನನಗೆ ಮಾತ್ರ ಸಮಾಧಾನ. ಅಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಮನೆ ಇರುವುದು ಡೊಂಬಿವಲಿಯ ಕಾರ್ಖಾನೆಗಳ ಪ್ರದೇಶವಾದ ಎಂಐಡಿಸಿಯಲ್ಲಿ, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ನಾನು ಉಡುಪಿ ಕಡೆಯ ಬ್ರಾಹ್ಮಣರ ಮನೆಯವಳು. ಹುಟ್ಟಿ ಬೆಳೆದದ್ದು ಠಾಣೆ ಶಹರದಲ್ಲಿ, ಅಪ್ಪನ ಹೋಟೆಲಿನ ಹಿಂದಿನ ಖೋಲಿಯಲ್ಲಿ. ಗಂಡ ಮಂಗಳೂರು ಕಡೆಯ ಕ್ರಿಶ್ಚಿಯನ್ನರ ಹುಡುಗ, ಇಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಕಾಲೇಜಿನಲ್ಲಿ ಪರಿಚಯವಾಗಿ, ರಿಜಿಸ್ಟರ್ ಮದುವೆಯಾದೆವು. ಅವನೂ ಮತ ಬದಲಿಸಲಿಲ್ಲ, ನಾನೂ ಬದಲಿಸಲಿಲ್ಲ. ಯಾರಾದರೊಬ್ಬರು ಬದಲಿಸಿದ್ದರೆ ಕೆಲಸವಾದರೂ ಅರ್ಧ ಆಗುತ್ತಿತ್ತಲ್ಲ ಎಂದು ಹಬ್ಬಗಳು ಸಾಲಾಗಿ ಬರುವ ತಿಂಗಳುಗಳಲ್ಲಿ ನನಗೆ ಅನಿಸುವುದುಂಟು.

ಸಂಜೆ ಹಾಲಿನ ಒಂದು ಮೂಲೆಯಲ್ಲಿ ಅತ್ತೆ ಮೇರಿ ಮಾತೆಯ ಮುಂದೆ ಮೇಣದ ಬತ್ತಿ ಹಚ್ಚಿ ಜಪಸರ ಹಿಡಿಯುತ್ತಾರೆ. ಇನ್ನೊಂದು ಮೂಲೆಯಲ್ಲಿ ಅಪ್ಪ ಕೃಷ್ಣನ ಮುಂದೆ ದೀಪ ಹಚ್ಚಿ ಸ್ತೋತ್ರ ಹೇಳುತ್ತಾರೆ. ಒಬ್ಬರ ದನಿ ಏರಿದರೆ ಇನ್ನೊಬ್ಬರದೂ ಏರುತ್ತದೆ. ನಡುವೆ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೋಫಾದ ಮೇಲೆ ಕಾಲು ಚಾಚಿರುತ್ತಾಳೆ. ಹೊರಗಿನವರಿಗೆ ನಮ್ಮ ಮನೆಯೆಂದರೆ ಬಹಳ ಪ್ರೀತಿ. ‘ದೇಶದಲ್ಲಿ ನಿಮ್ಮಂಥ ಮನೆಗಳಿರಬೇಕು ನೋಡಿ’ ಎನ್ನುತ್ತಾರೆ. ನಾನು ನಕ್ಕು ಚಹಾ ಕೊಡುತ್ತೇನೆ. ಒಂದು ವಾರ ಬಂದು ಇದ್ದು ಹೋಗಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ.

ನನ್ನ ಮದುವೆಗೆ ಅಪ್ಪ ಬರಲಿಲ್ಲ. ಅದಕ್ಕೆ ಮೊದಲು ಒಂದು ಬೆಳಿಗ್ಗೆ ನನ್ನನ್ನು ಹೋಟೆಲಿನ ಅಡುಗೆಮನೆಗೆ ಕರೆದರು. ಭಟ್ಟಿಯ ಹತ್ತಿರ ಇಡ್ಲಿ ಬೇಯುತ್ತಿತ್ತು, ಒಬ್ಬ ಅಡುಗೆಯವ ತೆಂಗಿನಕಾಯಿ ತುರಿಯುತ್ತಿದ್ದ. ಅವನನ್ನು ಹೊರಗೆ ಕಳಿಸಿ ಅಪ್ಪ ಹೇಳಿದರು, “ಮದುವೆಗೆ ನಾನು ಬರ್ಲಿಕ್ಕಿಲ್ಲ. ತಡೀಲಿಕ್ಕೂ ಇಲ್ಲ. ಒಂದು ಮಾತು ಕೊಡು. ಮೀನು ಮಾಂಸ ನಿನ್ನ ಕೈಯಲ್ಲಿ ಮುಟ್ಟುದಿಲ್ಲ, ಬೇಯಿಸುದಿಲ್ಲ ಅಂತ. ನಿನ್ನ ಕೈಯ ಊಟ ನಾನು ಉಣ್ಬೇಕು ಮಗಾ. ಅದೊಂದಾದ್ರೂ ಉಳಿಲಿ.”

ಕೊಟ್ಟೆ. ಕೊಡುವಾಗ ಅದು ದೊಡ್ಡ ವಿಷಯವೆಂದು ಅನಿಸಲಿಲ್ಲ. ಆ ಹೊತ್ತಿನಲ್ಲಿ ನಾನು ಏನು ಕೇಳಿದರೂ ಕೊಡುವ ಹುರುಪಿನಲ್ಲಿದ್ದೆ. ಅತ್ತೆಗೆ ಈ ವಿಷಯ ಹೇಳಿದಾಗ ಅವರು ಮುಖ ಗಂಟು ಹಾಕಿಕೊಳ್ಳುತ್ತಾರೇನೋ ಎಂದು ಹೆದರಿದ್ದೆ. ಅವರು ನಕ್ಕುಬಿಟ್ಟರು. “ಒಳ್ಳೇದೇ ಆಯ್ತು ಮಾರಾಯ್ತಿ, ನನ್ನ ಮೀನನ್ನು ಹಾಳು ಮಾಡುವವರು ಇಲ್ಲದ ಹಾಗಾಯ್ತು” ಎಂದರು. ಅಂದಿನಿಂದ ಮೀನಿನ ಅಡುಗೆ ಅವರದು, ಸಸ್ಯಾಹಾರ ನನ್ನದು. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಹಾಗೇ ನಡೆಯಿತು. ಗಂಡನೂ ಮಗಳೂ ಎರಡೂ ಕಡೆ ತಟ್ಟೆ ಹಿಡಿಯುತ್ತಿದ್ದರು. ಮೀನಿನ ತಟ್ಟೆ ತೊಳೆಯುವುದು ಕೂಡ ನನ್ನ ಪಾಲಿಗಿರಲಿಲ್ಲ, ಅತ್ತೆಯೇ ತೊಳೆಯುತ್ತಿದ್ದರು.

ಮಗಳು ಹುಟ್ಟಿದ ಮೇಲೆ ಅಪ್ಪ ಮನೆಗೆ ಬಂದರು. ಅತ್ತೆಯ ಮೀನು ಒಲೆಯ ಮೇಲಿರುವಾಗಲೇ ಬಂದರು. ಬಂದವರು ನಾನು ಮಾಡಿದ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಆಮೇಲೆ ತಿಂಗಳಿಗೊಮ್ಮೆಯಾದರೂ ಠಾಣೆಯಿಂದ ಲೋಕಲ್ ಹಿಡಿದು ಬಂದು ಒಂದು ಹೊತ್ತು ಉಂಡು ಹೋಗುತ್ತಿದ್ದರು. ಅಮ್ಮನಿಗೆ ಹೇಳುತ್ತಿದ್ದರಂತೆ, ‘ಅವಳ ಕೈಗೆ ನನ್ನ ಅಮ್ಮನ ಕೈ ಬಂದಿದೆ’ ಎಂದು. ನನ್ನ ಎದುರು ಒಮ್ಮೆಯೂ ಹೇಳಲಿಲ್ಲ. ಹೊಗಳಿದರೆ ಅಡುಗೆಯವರು ಕೆಡುತ್ತಾರೆ ಎಂಬುದು ಅವರ ಹೋಟೆಲಿನ ಕಾಯಿದೆ.

ಹೋಟೆಲು ಬಿಟ್ಟುಕೊಟ್ಟಾಯಿತು, ಅಮ್ಮ ತೀರಿಕೊಂಡರು. ಅಪ್ಪನಿಗೆ ನಾನೊಬ್ಬಳೇ ಮಗಳು. ಮಗಳ ಮನೆಯಲ್ಲಿ ಕೂತು ಉಣ್ಣುವುದಕ್ಕೆ ಸಂಕೋಚಪಡುವ ಕಾಲದವರು, ಅದರಲ್ಲೂ ಇಂಥ ಮನೆ. ಬರುವುದಿಲ್ಲ ಎಂದು ಹಠ ಹಿಡಿದರು. ಕೊನೆಗೆ ಗಂಡನೇ ಹೋಗಿ ಅವರ ಟ್ರಂಕು, ದೇವರ ಪೆಟ್ಟಿಗೆ ಎಲ್ಲ ರಿಕ್ಷಾಕ್ಕೆ ಹಾಕಿಕೊಂಡು ಬಂದ. ಬಂದ ದಿನ ಅಪ್ಪ ಹೇಳಿದ್ದು ಇಷ್ಟೇ, “ನನಗೆ ಇವಳು ಮಾಡಿದ್ದು ಒಂದು ಹಿಡಿ ಅನ್ನ ಆದ್ರೆ ಸಾಕು. ಬೇರೆ ಯಾರೂ ನನ್ನ ಚಿಂತೆ ಮಾಡ್ಬೇಡಿ.”

ಯಾರೂ ಚಿಂತೆ ಮಾಡದೆ ಇರುತ್ತಾರೆಯೇ. ಮರುದಿನವೇ ಅತ್ತೆ ತಮ್ಮ ಮೀನಿನ ಮಣ್ಣಿನ ಪಾತ್ರೆಯನ್ನು ತೊಳೆದು, ಒಣಗಿಸಿ, ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡಿಸಿದರು. “ರಾಯರು ಇರುವ ಮನೆಯಲ್ಲಿ ಇನ್ನು ಮೀನು ಬೇಡ” ಎಂದರು. ಯಾರೂ ಅವರನ್ನು ಕೇಳಿರಲಿಲ್ಲ. ಅಪ್ಪನಂತೂ ಬಾಯಿಯೇ ಬಿಟ್ಟಿರಲಿಲ್ಲ. ನಾನು ಬೇಡವೆಂದೆ, ಗಂಡ ಬೇಡವೆಂದ. ಅತ್ತೆ ಕೇಳಲಿಲ್ಲ. ಹಿರಿಯರೊಬ್ಬರು ಮನೆಗೆ ಬಂದಾಗ ತಾನು ಏನಾದರೂ ಬಿಡಬೇಕು ಎಂಬುದು ಅವರ ಹೆಮ್ಮೆ. ಬಿಟ್ಟರು, ಸರಿ. ಆದರೆ ಆಮೇಲೆ ಪ್ರತಿ ಭಾನುವಾರ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಒಂದು ನಿಟ್ಟುಸಿರು. ಅದು ನನಗೆ ಕೇಳಿಸುವಷ್ಟು ದೊಡ್ಡದು, ಅಪ್ಪನಿಗೆ ಕೇಳಿಸದಷ್ಟು ಸಣ್ಣದು.

ಅಪ್ಪನಿಗೂ ಅತ್ತೆಗೂ ನಡುವೆ ಮಾತು ತುಳುವಿನಲ್ಲಿ. ಅದನ್ನೇ ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅತ್ತೆ ಅವರನ್ನು ‘ರಾಯರೇ’ ಎನ್ನುತ್ತಾರೆ. ಅಪ್ಪ ಇವರನ್ನು ಊರಿನ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ‘ಬಾಯಮ್ಮ’ ಎನ್ನುತ್ತಾರೆ. ಇಬ್ಬರೂ ಎಂಬತ್ತು ದಾಟಿದವರು. ಮಳೆ, ಮಂಡಿನೋವು, ಊರಿನ ಬಸ್ಸುಗಳು, ಇಷ್ಟು ಬಿಟ್ಟು ಬೇರೆ ವಿಷಯ ಮಾತಾಡಿದ್ದನ್ನು ನಾನು ಕೇಳಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಅತ್ತೆ ಮಲಗಿದರು. ಗರ್ಭಕೋಶದಲ್ಲಿ ಗಡ್ಡೆ. ಕಲ್ಯಾಣದ ಆಸ್ಪತ್ರೆಯಲ್ಲಿ ತೋರಿಸಿದೆವು. ತೆಗೆಯಲೇಬೇಕು ಎಂದರು ಡಾಕ್ಟರು, ಆದರೆ ಈಗಲೇ ಆಗುವುದಿಲ್ಲ. ರಕ್ತ ಇಲ್ಲ, ಮೈಯಲ್ಲಿ ಶಕ್ತಿ ಇಲ್ಲ, ಈ ಸ್ಥಿತಿಯಲ್ಲಿ ಟೇಬಲ್ ಮೇಲೆ ಮಲಗಿಸಿದರೆ ಏಳುತ್ತಾರೆಂಬ ಭರವಸೆ ಕೊಡಲಾರೆ ಎಂದರು. ಮೊದಲು ತಿನ್ನಲಿ, ಮೊಟ್ಟೆ ಕೊಡಿ, ಮೀನು ಕೊಡಿ, ತೂಕ ಹೆಚ್ಚಲಿ, ಆಮೇಲೆ ಕರೆದುಕೊಂಡು ಬನ್ನಿ. ಬಹಳ ತಡ ಮಾಡಬೇಡಿ ಎಂದೂ ಹೇಳಿದರು.

ತಿನ್ನಲಿ ಎಂದರೆ ತಿನ್ನುತ್ತಾರೆಯೇ? ಮೊಟ್ಟೆ ಬಾಯಿಗೆ ಇಟ್ಟರೆ ವಾಕರಿಕೆ. ಮೇಲೋಗರ ಸೇರುವುದಿಲ್ಲ. ಗಂಜಿಯಲ್ಲಿ ನಾಲ್ಕು ಅಗುಳು ಆಡಿಸಿ ಬಟ್ಟಲು ತಳ್ಳುವರು. ದಿನದಿಂದ ದಿನಕ್ಕೆ ಕುತ್ತಿಗೆಯ ಎಲುಬು ಎದ್ದು ಕಾಣತೊಡಗಿತು. ಏನು ಬೇಕು ಹೇಳಿ ಅತ್ತೆ, ಏನಾದರೂ ಮಾಡಿಕೊಡುತ್ತೇನೆ ಎಂದು ಕೈಹಿಡಿದು ಕೂತೆ. “ಒಂದು ಬಂಗುಡೆ ಸಾರು ಇದ್ದಿದ್ರೆ ಗಂಜಿ ಇಳೀತಿತ್ತು” ಎಂದರು. ಹೇಳಿ ಗೋಡೆಯ ಕಡೆಗೆ ತಿರುಗಿಕೊಂಡರು.

ಮೀನು ಹೊರಗಿನಿಂದ ತಂದೆವು. ಗಂಡ ಸ್ಟೇಷನ್ ಹತ್ತಿರದ ಖಾನಾವಳಿಯಿಂದ ಡಬ್ಬಿ ಕಟ್ಟಿಸಿಕೊಂಡು ಬಂದ. ಮಗಳು ಮೊಬೈಲಿನಲ್ಲಿ ಆರ್ಡರ್ ಮಾಡಿದಳು. ಕೆಳಗಿನ ಮನೆಯ ಮಾಲ್ವಣಿ ಹೆಂಗಸು ಪ್ರೀತಿಯಿಂದ ಕೋಕಂ ಹಾಕಿ ಮಾಡಿಕೊಟ್ಟಳು. ಎಲ್ಲವನ್ನೂ ಅತ್ತೆಯ ಕೋಣೆಯೊಳಗೆ ಒಯ್ದು, ಬಾಗಿಲು ಹಾಕಿ, ಕಿಟಕಿ ತೆರೆದು, ಊದುಬತ್ತಿ ಹಚ್ಚಿ, ಕಳ್ಳಸಾಗಣೆಯವರ ಹಾಗೆ ತಿನ್ನಿಸುವುದು. ಅಪ್ಪ ಹಾಲಿನಲ್ಲಿ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಮೂಗು ಚೆನ್ನಾಗಿಯೇ ಇದೆ ಅವರಿಗೆ, ಹುಳಿಗೆ ಇಂಗು ಹೆಚ್ಚಾದರೆ ಕೂತಲ್ಲಿಂದಲೇ ಹೇಳುತ್ತಾರೆ. ಮೀನಿನ ಬಗ್ಗೆ ಮಾತ್ರ ಚಕಾರ ಎತ್ತಲಿಲ್ಲ. ಎಂಐಡಿಸಿಯ ಕೆಮಿಕಲ್ ಗಾಳಿಯಲ್ಲಿ ವಾಸನೆ ಮುಚ್ಚಿಹೋಯಿತು ಎಂದುಕೊಂಡು ನಾವು ಬೀಗುತ್ತಿದ್ದೆವು.

ಏನು ತಂದರೂ ಅತ್ತೆ ಒಂದು ತುತ್ತು ನಾಲಿಗೆಗೆ ತಾಗಿಸಿ ಬದಿಗಿಡುವರು. ಇದು ನಮ್ಮ ಮಸಾಲೆ ಅಲ್ಲ, ಇದರಲ್ಲಿ ಎಣ್ಣೆಯೇ ತೇಲುತ್ತದೆ, ಇದು ಯಾವ ಕಾಲದ ಮೀನೋ. ಮಗನೇ ಮಾಡಲಿ ಎಂದು ನೀವು ಕೇಳಬಹುದು, ಮಾಡಿದ. “ಅರೇ ಯಾರ್, ಅದರಲ್ಲೇನಿದೆ, ನಾನು ಮಾಡ್ತೇನೆ” ಎಂದು ತೋಳು ಮಡಿಸಿದವನು ಒಂದು ಸಲ ತಳ ಹಿಡಿಸಿದ, ಇನ್ನೊಂದು ಸಲ ಮೀನನ್ನೆಲ್ಲ ಕಲಸಿ ಚಟ್ನಿ ಮಾಡಿದ. ಮೂರನೆಯ ಸಲ ಅತ್ತೆಯೇ ಅವನಿಗೆ ಕೈಮುಗಿದರು.

ಒಂದು ಬೆಳಿಗ್ಗೆ ಅವರನ್ನು ಸ್ನಾನಕ್ಕೆ ಎತ್ತಿದಾಗ ನನ್ನ ಕೈಗೆ ಭಾರವೇ ಸಿಗಲಿಲ್ಲ. ಈ ಹೆಂಗಸು ಹೀಗೇ ಹೋಗಿಬಿಡುತ್ತಾರೆ, ನಾನು ಮಸಾಲೆ ಅರೆಯಲು ಬಂದೂ ಅರೆಯದೆ ನಿಂತಿರುತ್ತೇನೆ ಎನಿಸಿತು. ಮಸಾಲೆ ನನಗೆ ಗೊತ್ತಿತ್ತು. ಇಷ್ಟು ವರ್ಷ ಅದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ನಿಂತವಳು, ಕಣ್ಣು ಮುಚ್ಚಿ ಹೇಳಬಲ್ಲೆ. ಮುಟ್ಟುವುದೊಂದೇ ಬಾಕಿ.

ಮುಚ್ಚಿಟ್ಟು ಮಾಡುವುದು ನನ್ನಿಂದಾಗದು. ತಿಂಡಿಯ ಹೊತ್ತಿಗೆ ಅಪ್ಪನ ಎದುರು ಹೋಗಿ ನಿಂತೆ.

“ಅಪ್ಪ, ಇವತ್ತಿಂದ ಅತ್ತೆಗೆ ನಾನೇ ಮೀನು ಮಾಡಿ ಹಾಕ್ತೇನೆ.”

ಅಪ್ಪ ಪೇಪರ್ ಮಡಚಿದರು. ಮಡಚಿದ್ದನ್ನು ಇನ್ನೊಮ್ಮೆ ಮಡಚಿದರು. “ಮಾಡು” ಎಂದರು. “ಮಾಡ್ಲೇಬೇಕು. ಅವರು ಉಣ್ಣದೆ ಎಷ್ಟು ದಿನ ಆಯ್ತು.”

ಅಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ನನಗೆ ಹಗುರಾಯಿತು. ಆಫೀಸಿಗೆ ರಜೆ ಹೇಳಿ ಮಾರ್ಕೆಟ್ಟಿಗೆ ಹೋದೆ. ಮೀನು ಮಾರುವ ಹೆಂಗಸು ಬಂಗುಡೆ ಕತ್ತರಿಸಿ ಕೊಟ್ಟಳು. ಮನೆಗೆ ಬಂದು ಚೀಲ ಬಿಚ್ಚಿ, ಆ ತಣ್ಣನೆಯ ಜಾರುವ ತುಂಡುಗಳನ್ನು ಸಿಂಕಿನಲ್ಲಿ ಉಪ್ಪು ಹಾಕಿ ಉಜ್ಜಿದೆ. ಅತ್ತೆಯ ಕೋಣೆಯಿಂದ ಸಣ್ಣ ದನಿಯಲ್ಲಿ ಆಜ್ಞೆಗಳು ಬರುತ್ತಿದ್ದವು. “ಮೊದಲು ಮಸಾಲೆ ಕುದೀಲಿ. ಹುಳಿ ಸ್ವಲ್ಪ ಮುಂದೆ ಇರ್ಲಿ. ಮೀನು ಹಾಕಿದ ಮೇಲೆ ಸೌಟು ಹಾಕ್ಬೇಡ, ಒಡೀತದೆ. ಪಾತ್ರೆ ಹಿಡಿದು ಅಲ್ಲಾಡಿಸು.” ಅಲ್ಲಾಡಿಸಿದೆ. ಅತ್ತೆ ಆ ಮಧ್ಯಾಹ್ನ ಒಂದು ಬಟ್ಟಲು ಗಂಜಿ ಮುಗಿಸಿದರು. ಮೀನಿನ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿಟ್ಟು, “ಉಪ್ಪು ಒಂದು ಚೂರು ಕಮ್ಮಿ” ಎಂದರು. ನಾನು ಅಲ್ಲಿಯೇ ನಿಂತು ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು, ಸ್ನಾನ ಮಾಡಿ, ಸೀರೆ ಬದಲಿಸಿ ಅಪ್ಪನ ಊಟಕ್ಕೆ ಅಣಿ ಮಾಡಲು ಬಂದರೆ, ಅಪ್ಪ ಒಲೆಯ ಮುಂದೆ ನಿಂತಿದ್ದಾರೆ. ಸಣ್ಣ ಪಾತ್ರೆಯಲ್ಲಿ ಅನ್ನ ಬೇಯುತ್ತಿದೆ. ನಾನು ಸೌಟಿಗೆ ಕೈಹಾಕಿದೆ. ಅವರು ಮೆಲ್ಲನೆ ನನ್ನ ಕೈ ಸರಿಸಿದರು.

“ನನ್ನದು ನಾನು ಮಾಡ್ಕೊಳ್ತೇನೆ ಮಗಾ. ಇನ್ನು ನೀನು ಮಾಡಿದ್ದು ಬೇಡ.”

“ಸ್ನಾನ ಮಾಡಿದ್ದೇನೆ ಅಪ್ಪ.”

“ಅದಲ್ಲ” ಎಂದರು. ಮತ್ತೇನು ಎಂದು ಕೇಳಿದರೆ ಒಂದು ಅಗುಳು ತೆಗೆದು ಹಿಸುಕಿ ನೋಡಿದರು. ಸಿಟ್ಟೂ ಇಲ್ಲ, ದನಿಯಲ್ಲಿ ಬೇಸರವೂ ಇಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅನ್ನ ಬಸಿದು, ಮಜ್ಜಿಗೆ ಹಾಕಿಕೊಂಡು, ಉಪ್ಪಿನಕಾಯಿಯ ಭರಣಿಯನ್ನೂ ಮುಟ್ಟದೆ ಉಂಡೆದ್ದರು. ಉಪ್ಪಿನಕಾಯಿ ನಾನು ಹಾಕಿದ್ದು.

ಎಲ್ಲರೂ ತಿಳಿದದ್ದು ಇದು ಮಡಿಯ ತಕರಾರು ಎಂದು. ಮೀನು ಬೇಯುವ ಅಡುಗೆಮನೆ, ಮೀನಿನ ಒಲೆ, ಮೀನಿನ ಪಾತ್ರೆ. ಹಾಗಾದರೆ ಪರಿಹಾರ ಉಂಟಲ್ಲ. ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ಇಂಡಕ್ಷನ್ ಒಲೆ ಇಡಿಸಿದೆ. ಮೀನಿಗೆ ಬೇರೆ ಚಾಕು, ಬೇರೆ ಸೌಟು, ಬೇರೆ ಬಕೆಟ್ಟು. ಬೆಳಿಗ್ಗೆ ಎದ್ದು ಮೊದಲು ಮೀನು, ಆಮೇಲೆ ತಲೆಗೆ ಸ್ನಾನ, ಆಮೇಲೆ ಉಳಿದವರ ಅಡುಗೆ, ಆಮೇಲೆ ಬಸ್ಸು. ಒದ್ದೆ ಕೂದಲಿನಲ್ಲೇ ಆಫೀಸಿನಲ್ಲಿ ಕೂತು ಕೂತು ಶೀತವಾಯಿತು. ಮಗಳು ನೋಡಿ ನೋಡಿ, “ಮಮ್ಮಾ, ಇತ್ನಾ ಕ್ಯಾ ಡ್ರಾಮಾ ಹೈ? ನಾನಾ ಕೋ ಜೋ ಖಾನಾ ಹೈ, ಖಾನೇ ದೋ” ಎಂದಳು, ಅಜ್ಜ ತನಗೆ ಬೇಕಾದ್ದು ತಿನ್ನಲಿ ಬಿಡು ಎಂಬ ಹಾಗೆ. ನಿನಗೇನು ಗೊತ್ತು ಸುಮ್ಮನಿರೆ ಎಂದೆ. ನಿಜ ಹೇಳಬೇಕೆಂದರೆ ನನಗೂ ಏನೂ ಗೊತ್ತಿರಲಿಲ್ಲ.

ಒಂದು ರಜೆಯ ದಿನ ಬಾಲ್ಕನಿಯಲ್ಲಿ ಮಳೆ ಹೊಡೆಯುತ್ತಿತ್ತೆಂದು ಮೀನಿನ ಪಾತ್ರೆಯನ್ನು ಅಡುಗೆಮನೆಯ ಗ್ಯಾಸಿನ ಮೇಲೇ ಇಟ್ಟಿದ್ದೆ. ಅಪ್ಪ ಬಂದು ಪಕ್ಕದ ಬರ್ನರ್ ಮೇಲೆ ತಮ್ಮ ಅನ್ನಕ್ಕೆ ಇಟ್ಟರು. ಮೀನಿನ ಪಾತ್ರೆ ಕುದಿದು ಉಕ್ಕಿ ಬಂದಾಗ ತಾವೇ ಉರಿ ಸಣ್ಣ ಮಾಡಿದರು. ಅದನ್ನು ಕಣ್ಣಾರೆ ಕಂಡೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ದಣಿದ ಮನುಷ್ಯರಿಗೆ ಕಣ್ಣೆದುರಿನದೂ ಕಾಣುವುದಿಲ್ಲ.

ವಿಷಯ ಅತ್ತೆಯ ಕಿವಿಗೆ ಬೀಳಲು ತಡವಾಗಲಿಲ್ಲ. ರಾಯರು ಯಾಕೆ ತಾವೇ ಬೇಯಿಸಿಕೊಳ್ಳುತ್ತಿದ್ದಾರೆ ಎಂದು ಮೊಮ್ಮಗಳನ್ನು ಕೇಳಿ ತಿಳಿದುಕೊಂಡರು. ಆ ದಿನ ನಾನು ಬಟ್ಟಲು ಒಯ್ದರೆ ತುಟಿ ಬಿಗಿಹಿಡಿದು ಕೂತಿದ್ದಾರೆ. “ಅಷ್ಟು ವಯಸ್ಸಾದವರು ಒಲೆ ಮುಂದೆ ನಿಲ್ಲುದು, ನಾನು ಇಲ್ಲಿ ಮಲಗಿ ಮೀನು ಚಪ್ಪರಿಸುದು. ನನಗೆ ಬೇಡ. ದೇವರು ಕರೆದಾಗ ಹೋಗ್ತೇನೆ.”

ನನಗೆ ಸಿಟ್ಟು ನೆತ್ತಿಗೇರಿತು. ಜಪಸರದ ಹೊತ್ತು, ಹೊರಗೆ ಅಪ್ಪನ ಸ್ತೋತ್ರ ನಡೆದಿತ್ತು. ಇಬ್ಬರಿಗೂ ಕೇಳಲಿ ಎಂದೇ ದನಿ ಏರಿಸಿದೆ. “ನನಗೆ ಸಾಕೋ ಸಾಕಾಗಿದೆ ಅತ್ತೆ. ಅವರು ನನ್ನ ಕೈಯದು ಉಣ್ಣುದಿಲ್ಲ, ನೀವೂ ಉಣ್ಣುದಿಲ್ಲ. ಅಪ್ಪನಿಗೆ ಕೊಟ್ಟ ಮಾತು ಮುರಿದು ಇದನ್ನು ಬೇಯಿಸಿದ್ದೇನೆ. ಇಷ್ಟು ವರ್ಷ ಕಾಪಾಡಿದ ಮಾತು. ಈಗ ನೀವು ತಿನ್ನದೆ ಹೋದರೆ ಅದು ಸುಮ್ಮನೆ ದಂಡ. ನೀವು ತಿನ್ನಬೇಕು, ಬದುಕಬೇಕು. ನನ್ನ ಹತ್ತಿರ ಬೇರೆ ಏನೂ ಹೇಳಬೇಡಿ.”

ಹೊರಗೆ ಸ್ತೋತ್ರ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಅತ್ತೆ ಬಟ್ಟಲಿಗೆ ಕೈಚಾಚಿದರು. ಕಣ್ಣೀರು ಗಂಜಿಗೆ ಬೀಳುತ್ತಿತ್ತು, ತಿನ್ನುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅದರ ನಂತರ ಬೇಡ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಮೈಗೆ ರಕ್ತ ಬಂತು. ಮಳೆ ಕಡಿಮೆಯಾಗುವ ಹೊತ್ತಿಗೆ ಕಲ್ಯಾಣದಲ್ಲಿ ಆಪರೇಷನ್ ಆಯಿತು. ತೆಗೆದ ಗಡ್ಡೆಯಿಂದ ಭಯವಿಲ್ಲ ಎಂದು ಡಾಕ್ಟರು ಹೇಳಿದಾಗ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗಳಿಗೆ ಫೋನ್ ಮಾಡಿದ. ಅಪ್ಪ ಅತ್ತೆಯನ್ನು ನೋಡಲು ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. “ಬಾಯಮ್ಮ, ಇನ್ನು ಸ್ವಲ್ಪ ದಿನ ಮಳೆಯ ಸುದ್ದಿ ಮಾತಾಡ್ಲಿಕ್ಕೆ ಜನ ಸಿಕ್ಕಿದ್ರು ನನಗೆ” ಎಂದರು.

ಅತ್ತೆ ಮನೆಗೆ ಬಂದರು, ಮೆಲ್ಲಗೆ ನಡೆಯತೊಡಗಿದರು. ಮೀನಿನ ಅಡುಗೆಯನ್ನು ಮತ್ತೆ ತಾವೇ ತೆಗೆದುಕೊಂಡರು, ಇನ್ನು ಬಿಡುವುದಿಲ್ಲ ಎಂದೂ ಹೇಳಿದರು. ಸರಿ, ನನ್ನ ಕೆಲಸ ಮುಗಿಯಿತು, ಇನ್ನು ಅಪ್ಪನನ್ನು ಒಲೆಯ ಮುಂದಿನಿಂದ ಎಬ್ಬಿಸಬೇಕು ಎಂದುಕೊಂಡೆ. ಡೊಂಬಿವಲಿ ಪೂರ್ವದಲ್ಲಿ ನಮ್ಮ ಕಡೆಯ ಪುರೋಹಿತರೊಬ್ಬರಿದ್ದಾರೆ. ಅವರಲ್ಲಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನನಗೆ ಇಂಥದರಲ್ಲಿ ನಂಬಿಕೆಯಿಲ್ಲ, ಇದ್ದಿದ್ದರೆ ಮದುವೆಯ ಕಾಲಕ್ಕೇ ಇರುತ್ತಿತ್ತು. ಅವರು ಏನೇನೋ ಮಂತ್ರ ಹೇಳಿಸಿ ಪಂಚಗವ್ಯ ಕುಡಿಸಿದರು. ಅದರ ವಾಸನೆಗೆ ಹೋಲಿಸಿದರೆ ಬಂಗುಡೆಯೇ ವಾಸಿ. ಮೂಗು ಹಿಡಿದು ಕುಡಿದೆ.

ಅಂದು ಹುಳಿ ಮಾಡಿದೆ, ಅಪ್ಪನಿಗೆ ಇಷ್ಟವಾದ ಅಲಸಂಡೆಯ ಪಲ್ಯ ಮಾಡಿದೆ. ಬಾಳೆಲೆ ಹಾಕಿ ಕರೆದೆ. ಪಂಚಗವ್ಯ ತೆಗೆದುಕೊಂಡ ವಿಷಯ ಹೇಳಿದೆ. ಅಪ್ಪ ಎಲೆಯ ಮುಂದೆ ಬಂದು ನಿಂತರು, ಕೂರಲಿಲ್ಲ. “ಅಷ್ಟೆಲ್ಲ ಯಾಕೆ ಮಾಡ್ಲಿಕ್ಕೆ ಹೋದೆ ಮಗಾ. ನಿನ್ನ ಮೈಲಿಗೆ ಯಾರು ನೋಡಿದ್ರು” ಎಂದು ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದರು. ಆ ಎಲೆಯಲ್ಲಿ ಗಂಡ ಕೂತು ಉಂಡ. ಚೆನ್ನಾಗಿದೆ ಎಂದು ಮತ್ತೆ ಮತ್ತೆ ಹೇಳಿದ. ಪಾಪ, ಅವನಾದರೂ ಏನು ಮಾಡಿಯಾನು.

ಚಳಿಗಾಲದಲ್ಲಿ ಅಪ್ಪನಿಗೆ ಜ್ವರ ಬಂತು. ಎದ್ದು ನಿಂತರೆ ತಲೆಸುತ್ತು, ಒಲೆ ಹಚ್ಚುವ ಮಾತೇ ಇಲ್ಲ. ಹಿಂದಿನ ದಿನವೆಲ್ಲ ಬಾಳೆಹಣ್ಣು, ಹಾಲು. ನಾನು ಬೆಳಿಗ್ಗೆ ಬೇಗ ಎದ್ದು ಬೆಳ್ತಿಗೆ ಅಕ್ಕಿಯ ಗಂಜಿ ಮಾಡಿದೆ, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ. ಹತ್ತಿರ ಕೂತು ಬಾಯಿಗಿಡಲು ಹೋದೆ. ಅಪ್ಪ ಕಣ್ಣು ತೆರೆದು ನೋಡಿ ತಲೆ ಆಡಿಸಿದರು. ಒಂದೇ ಚಮಚ ಅಪ್ಪ ಎಂದೆ. ಇಲ್ಲ. ಜ್ವರದ ಮಾತ್ರೆಗಾದರೂ ಹೊಟ್ಟೆಯಲ್ಲಿ ಏನಾದರೂ ಬೇಕಲ್ಲ ಎಂದೆ. ತುಟಿ ಬಿಗಿದೇ ಇತ್ತು. ಎಂಬತ್ತು ದಾಟಿದ ಜೀವ, ಹೀಗೆ ಬಿಟ್ಟರೆ ಎಷ್ಟು ದಿನ. ಬಟ್ಟಲನ್ನು ಹಾಗೇ ಎತ್ತಿಕೊಂಡು ಬಂದು ಸಿಂಕಿನ ಪಕ್ಕದಲ್ಲಿ ಕುಕ್ಕಿದೆ. ಕೈಯೆಲ್ಲ ಗಂಜಿಯಾಯಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಬಂದು, ನನ್ನನ್ನು ಸರಿಯಲು ಹೇಳಿ, ಒಲೆಗೆ ಬೇರೆ ಪಾತ್ರೆ ಇಟ್ಟರು. ಅವರ ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತಿತ್ತು, ಒಂದು ಕೈ ಅಲ್ಲಿ ಒತ್ತಿಕೊಂಡೇ ಗಂಜಿ ಬೇಯಿಸಿದರು. ಅಪ್ಪ ಅತ್ತೆಯ ಕೈಯ ಅಡುಗೆಯನ್ನು ಎಂದೂ ಉಂಡವರಲ್ಲ. ನಿನ್ನೆ ಸಂಜೆಯಷ್ಟೇ ಅದೇ ಕೈ ಬಂಗುಡೆ ತೊಳೆದಿತ್ತು. ಇದು ಆಗುಹೋಗುವ ಮಾತಲ್ಲ, ಸುಮ್ಮನೆ ಮುಖಭಂಗ ಮಾಡಿಕೊಳ್ಳುತ್ತಾರೆ ಎಂದುಕೊಂಡು ನಾನು ಅವರ ಹಿಂದೆಯೇ ಹೋದೆ.

“ರಾಯರೇ, ಏಳಿ. ನಾನು ಮಾಡಿದ್ದು” ಎಂದರು ಅತ್ತೆ.

ಅಪ್ಪ ಮೊಣಕೈ ಊರಿ ಎದ್ದು ಕೂತರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗುಟುಕು ಗುಟುಕಾಗಿ ಕುಡಿಯತೊಡಗಿದರು.

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ. ಅಪ್ಪ ಉಂಡರಲ್ಲ ಎಂಬ ಸಮಾಧಾನ ಆಮೇಲೆ ಬಂದದ್ದು, ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಜೀವಮಾನವಿಡೀ ಮೀನು ತಿಂದ, ಮೀನು ಬೇಯಿಸಿದ ಕೈಯದು ಆಗುತ್ತದೆ. ನನ್ನದು ಆಗುವುದಿಲ್ಲ.

“ಇದು ಯಾವ ನ್ಯಾಯ ಅಪ್ಪ?” ಎಂದೆ. “ಮೀನಿಗೆ ನಿಮ್ಮ ಅಡ್ಡಿಯಿಲ್ಲ, ವಾಸನೆಗೆ ಅಡ್ಡಿಯಿಲ್ಲ, ಅತ್ತೆಯ ಕೈಗೂ ಅಡ್ಡಿಯಿಲ್ಲ. ನಾನೊಬ್ಬಳು ಏನು ಮಾಡಿದೆ?”

ಅಪ್ಪ ಬಟ್ಟಲು ಕೆಳಗಿಳಿಸಿದರು.

“ಮೀನು ನನಗೆ ಏನು ಮಾಡಿದೆ? ಠಾಣೆಯಲ್ಲಿ ನಮ್ಮ ಹೋಟೆಲಿನ ಹಿಂದೆಯೇ ಮೀನು ಮಾರ್ಕೆಟ್ ಇತ್ತಲ್ಲ. ಬಾಯಮ್ಮ ನನಗೆ ಯಾವ ಮಾತೂ ಕೊಟ್ಟವರಲ್ಲ. ನೀನು ಕೊಟ್ಟವಳು.”

“ಹಾಗಾದ್ರೆ ಆವತ್ತು ಮಾಡು ಅಂದದ್ದು ಯಾಕೆ? ಬೇಡ ಅನ್ಬಹುದಿತ್ತಲ್ಲ?”

“ಬೇಡ ಅಂದ್ರೆ ಇವರು ಬದುಕ್ತಿದ್ರಾ? ನೀನು ಮಾಡದೆ ಇದ್ದಿದ್ರೆ ನಾನು ನಿನ್ನ ಮುಖ ನೋಡ್ತಿರಲಿಲ್ಲ.” ಅಪ್ಪನ ದನಿ ಜ್ವರದಲ್ಲಿ ಒಡೆಯುತ್ತಿತ್ತು. “ನೀನು ಮಾಡಿದ್ದು ಸರಿಯೇ. ಆದ್ರೆ ಮಾತು ಮುರಿದದ್ದಕ್ಕೆ ಏನೂ ಆಗ್ಲೇ ಇಲ್ಲ ಅಂತಾದ್ರೆ, ಇಷ್ಟು ವರ್ಷ ನೀನು ಕಾಪಾಡಿದ್ದಕ್ಕೆ ಏನು ಬೆಲೆ ಬಂತು? ಸುಮ್ಮನೆ ಹೋಗಿಬಿಟ್ಟ ಮಾತಾಗ್ಬಾರ್ದು ಅದು. ನನಗೂ ಕಷ್ಟವೇ ಮಗಾ. ನಿನ್ನ ಹುಳಿ ಬಿಟ್ಟು ನಾನು ಮಜ್ಜಿಗೆ ಅನ್ನ ಉಣ್ತಾ ಇದ್ದೇನೆ.”

ಅತ್ತೆ ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಬಟ್ಟಲಿನ ಅಂಚು ಒರೆಸಿದರು.

“ಇನ್ನೊಂದು ಸೌಟು ಹಾಕ್ಲಾ ರಾಯರೇ?”

ಅಪ್ಪ ಬಟ್ಟಲನ್ನು ಅವರತ್ತ ಚಾಚಿದರು.